ಬೀಗದಕೈ ಎಷ್ಟು ಮಂದಿಯಲ್ಲಿದೆ?

ನಮ್ಮ ಸಂಘದ ವಾರ್ಷಿಕ ಸಭೆ ಹೇಗೆ ನಡೆಯುತ್ತದೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಪ್ರಾರ್ಥನೆ, ಸ್ವಾಗತ, ವರದಿ, ಜಮಾಖರ್ಚು, ಇಷ್ಟು ಮುಗಿಯುವ ಹೊತ್ತಿಗೆ ಅಡಿಗೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರಲು ಮೊದಲಾಗುತ್ತದೆ. ಅಧ್ಯಕ್ಷರು "ಇನ್ನು ಮುಂದಿನ ವರ್ಷದ ಪದಾಧಿಕಾರಿಗಳ ಆಯ್ಕೆ" ಎನ್ನುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಒಬ್ಬರು "ಇದ್ದವರೇ ಇರಲಿ" ಎನ್ನುತ್ತಾರೆ. ಚಪ್ಪಾಳೆಯಾಗುತ್ತದೆ. ಎಲೆ ಹಾಕುತ್ತಾರೆ.

ಈ 'ಇದ್ದವರೇ ಇರಲಿ' ಎಂಬ ಮಂತ್ರದ ಬಲದಿಂದ ನಾವು ಆರು ವರ್ಷ ಸಂಘದ ಕಾರ್ಯದರ್ಶಿಯಾಗಿದ್ದೆವು. ಸದಸ್ಯರ ಪಟ್ಟಿ ನಮ್ಮ ಗಣಕಯಂತ್ರದಲ್ಲಿ, ಲೆಕ್ಕದ ಪುಸ್ತಕ ನಮ್ಮ ಕಪಾಟಿನಲ್ಲಿ, ಪುಸ್ತಕ ಭಂಡಾರದ ಬೀಗದಕೈ ನಮ್ಮ ಜೇಬಿನಲ್ಲಿ. "ನೀವಿಲ್ಲದಿದ್ದರೆ ಸಂಘವೇ ಇಲ್ಲ ಬಿಡಿ" ಎಂದು ಯಾರಾದರೂ ಹೇಳಿದರೆ ಮೇಲ್ಮಾತಿಗೆ "ಛೆ, ಛೆ" ಎನ್ನುತ್ತಿದ್ದೆವಾದರೂ ಒಳಗೊಳಗೆ ಹಿಗ್ಗುತ್ತಿದ್ದುದು ನಿಜ. ಆ ಹೊಗಳಿಕೆಯ ಮಾತಿನಲ್ಲಿ ಒಂದು ರೋಗದ ಲಕ್ಷಣ ಅಡಗಿದೆಯೆಂಬುದು ನಮಗೆ ಈಚೆಗೆ ತಿಳಿಯಿತು. ತಿಳಿಸಿದವನು ನಮ್ಮ ಅಕ್ಕನ ಮಗ.

ಓದಲಾಗದ ಕನ್ನಡ

ನಡೆದದ್ದು ಇಷ್ಟು. ಒಂದು ಕಾಲಕ್ಕೆ ಕಾಶಿಯಲ್ಲಿದ್ದು ಈಗ ಮೈಸೂರು ಸೇರಿರುವ ಹಿರಿಯರೊಬ್ಬರು, ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಪತ್ರಿಕೆಗೆ ತಾವು ಬರೆದ ಲೇಖನದ ಪ್ರತಿಯೊಂದು ಬೇಕೆಂದು ಕೇಳಿದರು. ಅಚ್ಚಾದ ಸಂಚಿಕೆ ಗೆದ್ದಲಿನ ಪಾಲಾಗಿತ್ತು. ಪುಣ್ಯಕ್ಕೆ ಅಂದು ಬೆರಳಚ್ಚು ಮಾಡಿದ ಕಡತ ಒಂದು ಹಳೆಯ ಸಿ.ಡಿ.ಯಲ್ಲಿ ಉಳಿದಿತ್ತು. ತೆರೆದು ನೋಡಿದರೆ ಅಲ್ಲಿ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳೂ ಗುರುತು ಸಿಕ್ಕದ ಚಿಹ್ನೆಗಳೂ ಸಾಸಿವೆ ಚೆಲ್ಲಿದಂತೆ ಬಿದ್ದಿದ್ದವು. ಅದನ್ನು ಬೆರಳಚ್ಚು ಮಾಡಿದ ಮಹನೀಯರು ತೀರಿಕೊಂಡು ಎಂಟು ವರ್ಷವಾಗಿದೆ. ಯಾವ ತಂತ್ರಾಂಶದಲ್ಲಿ ಮಾಡಿದರು, ಹೇಗೆ ಮಾಡಿದರು ಎಂಬುದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲೂ ಇಲ್ಲ. ಕೆಲಸ ಆಗುತ್ತಿತ್ತು, ಅಷ್ಟೆ.

ಅಕ್ಕನ ಮಗ ಇಲ್ಲಿಯ ಐ.ಐ.ಟಿ.ಯಲ್ಲಿ ಓದುತ್ತಿದ್ದಾನೆ. ಭಾನುವಾರ ಸೋನಾರ್‌ಪುರದ ನಮ್ಮ ಮನೆಗೆ ಊಟಕ್ಕೆ ಬಂದವನು ಆ ಕಡತವನ್ನು ನೋಡಿ ನಕ್ಕ.

"ಮಾವ, ಇದು ಕೆಟ್ಟಿಲ್ಲ. ಅಕ್ಷರವೆಲ್ಲ ಇದೆ. ಬೇರೆ ವೇಷದಲ್ಲಿದೆ."

ಅವನು ವಿವರಿಸಿದುದರ ಸಾರಾಂಶ ಹೀಗಿದೆ. ಮೊದಮೊದಲು ಗಣಕಯಂತ್ರದಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನವಿರಲಿಲ್ಲ. ಆದುದರಿಂದ ಕನ್ನಡದ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇರಿಸುತ್ತಿದ್ದರು. ಒಬ್ಬೊಬ್ಬ ತಂತ್ರಾಂಶದವರು ಒಂದೊಂದು ರೀತಿಯಲ್ಲಿ ಇರಿಸಿದರು. ಆ ಅಕ್ಷರಶೈಲಿ ಯಂತ್ರದಲ್ಲಿ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲವಾದರೆ ಬಾಡಿಗೆ ಮನೆಯ ಯಜಮಾನನೇ ಕಾಣುತ್ತಾನೆ. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಾಗತಿಕ ಏರ್ಪಾಡು ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಟ್ಟಿತಾದರೂ ಅದು ನಮ್ಮ ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. ಹಳೆಯ ಬರೆಹವನ್ನು ಹೊಸ ಕ್ರಮಕ್ಕೆ ತಿರುಗಿಸುವ ಒಂದು ಪರಿವರ್ತಕವನ್ನು ಅರವಿಂದ ವಿ.ಕೆ. ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. 'ಗುಬ್ಬಿ', 'ನವಿಲು' ಎಂಬ ಅಂದವಾದ ಕನ್ನಡ ಅಕ್ಷರಶೈಲಿಗಳನ್ನು ಮಾಡಿಕೊಟ್ಟವರೂ ಅವರೇ.

ಹುಡುಗ ಅದನ್ನು ಓಡಿಸಿದ. ಸಾಸಿವೆ ಚೆಲ್ಲಿದ್ದ ಜಾಗದಲ್ಲಿ ಹಿರಿಯರ ಲೇಖನ ಸಾಲುಸಾಲಾಗಿ ಎದ್ದು ನಿಂತಿತು. ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದನ್ನು ನಮ್ಮ ಮನೆಯವರು ಕುಳಿತು ತಿದ್ದಿದರು. ನಾವು ಸಂತೋಷದಲ್ಲಿರುವಾಗಲೇ ಹುಡುಗ ಕೇಳಿದ:

"ಸಂಘದ ಉಳಿದ ಕಾಗದಪತ್ರ ಎಲ್ಲಿದೆ ಮಾವ?"

"ಎಲ್ಲ ನನ್ನಲ್ಲೇ ಇದೆ, ಭದ್ರವಾಗಿದೆ."

"ನಿಮಗೆ ವರ್ಗವಾದರೆ?"

ಸರಕಾರಿ ಗುಮಾಸ್ತನಿಗೆ ಕೇಳಬಾರದ ಪ್ರಶ್ನೆ ಅದು. ನಾವು ಮಾತಾಡಲಿಲ್ಲ. "ಮುಕ್ತ ತಂತ್ರಾಂಶದವರು ಪ್ರತಿ ವರ್ಷ ತಮ್ಮನ್ನು ತಾವೇ ಈ ಪ್ರಶ್ನೆ ಕೇಳಿಕೊಳ್ಳುತ್ತಾರೆ" ಎಂದು ಅವನು ಸುಮ್ಮನಾದ. ಆ ಸಂಜೆ ಗಲ್ಲಿಯಲ್ಲಿ ಇಳಿದು, ಹರಿಶ್ಚಂದ್ರ ಘಾಟಿನ ಪಕ್ಕದಲ್ಲಿ ಹಿಂದೆ ಮೈಸೂರಿನವರು ಕಟ್ಟಿಸಿ ಈಗ ಕರ್ನಾಟಕದ ಹೆಸರನ್ನು ಹೊತ್ತಿರುವ ಘಾಟಿನ ಮೆಟ್ಟಿಲ ಮೇಲೆ ಕುಳಿತು, ಅವನಿಂದ ಆ ಕಥೆಯನ್ನೆಲ್ಲ ಕೇಳಿದೆವು. ಆಮೇಲೆ ನಾವೂ ಓದಿ ನೋಡಿದೆವು. ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಾರಿನ ಪುಡಿಯ ಲೆಕ್ಕ

ಅಂಗಡಿಯಲ್ಲಿ ಪೊಟ್ಟಣದ ಸಾರಿನ ಪುಡಿಯನ್ನು ಕೊಂಡರೆ ಸಾರು ಮಾಡಿ ಉಣ್ಣಬಹುದು. ಅದರಲ್ಲಿ ಮೆಣಸಿನಕಾಯಿ ಎಷ್ಟು, ಕೊತ್ತಂಬರಿ ಎಷ್ಟು ಎಂಬುದು ಅಂಗಡಿಯವನ ಗುಟ್ಟು. ಅತ್ತೆಯವರು ಕುಳ್ಳಿರಿಸಿಕೊಂಡು ಅಳತೆ ಹೇಳಿಕೊಟ್ಟ ಪುಡಿಯಾದರೆ ನಾವೂ ಕುಟ್ಟಬಹುದು, ಮಕ್ಕಳಿಗಾಗಿ ಖಾರ ಕಡಮೆ ಮಾಡಬಹುದು, ಪಕ್ಕದ ಮನೆಯವರಿಗೂ ಹೇಳಿಕೊಡಬಹುದು. ಮುಕ್ತ ತಂತ್ರಾಂಶವೆಂದರೆ ಅಳತೆ ಹೇಳಿಕೊಟ್ಟ ಪುಡಿ. ಅದರ ಮೂಲ ಬರೆಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ತತ್ತ್ವದ ಮೇಲೆ ಕೆಲಸ ಆರಂಭಿಸುವುದಾಗಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 'ಲಿನಕ್ಸ್' ಎಂಬುದನ್ನು ಬರೆದು ಬಿಟ್ಟರು. ಇಂದು ನಮ್ಮ ಅನೇಕರ ಕೈಯ ಮೊಬೈಲಿನ ಆಳದಲ್ಲಿಯೂ ಲಿನಕ್ಸೇ ಇದೆ.

ಆದರೆ ಅಳತೆ ಚೀಟಿ ಇದ್ದ ಮಾತ್ರಕ್ಕೆ ಪುಡಿಯಾಗುವುದಿಲ್ಲ. ಕುಟ್ಟುವ ಕೈ ಬೇಕು. ಈ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದೆ, ಮನೆಯ ಕೆಲಸ ಕಛೇರಿಯ ಕೆಲಸ ಮುಗಿಸಿ ರಾತ್ರಿ ಕುಳಿತು ಮಾಡುತ್ತಾರೆ. ನಮ್ಮ ಸಂಘದ ಕೆಲಸವೂ ಹಾಗೆಯೇ ಅಲ್ಲವೆ?

ವರ್ಷಕ್ಕೊಬ್ಬ ಮುಂದಾಳು

1993ರ ಆಗಸ್ಟ್ 16ರಂದು ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ 'ಡೆಬಿಯನ್' ಎಂಬ ಯೋಜನೆಯನ್ನು ಸಾರಿದನು. ತಾನು ಮೆಚ್ಚಿದ ಹುಡುಗಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಮಾಡಿದ ಹೆಸರದು. ಲಿನಕ್ಸನ್ನೂ ಅದರೊಂದಿಗೆ ಬೇಕಾಗುವ ಸಾವಿರಾರು ತಂತ್ರಾಂಶಗಳನ್ನೂ ಒಂದೇ ಗಂಟಾಗಿ ಕಟ್ಟಿಕೊಡುವುದು ಇದರ ಕೆಲಸ. ಅದನ್ನು ಯಂತ್ರದಲ್ಲಿ ಸ್ಥಾಪಿಸುವಾಗ ಕನ್ನಡದಲ್ಲಿಯೇ ಪ್ರಶ್ನೋತ್ತರ ನಡೆಸುವ ಅನುಕೂಲವೂ ಉಂಟು.

ಮರ್ಡಾಕ್ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು, 1996ರಲ್ಲಿ ಮುಂದಾಳುತನವನ್ನು ಬ್ರೂಸ್ ಪೆರೆನ್ಸ್ ಎಂಬವರಿಗೆ ಒಪ್ಪಿಸಿದುದು. 1998ರಲ್ಲಿ ಡೆಬಿಯನ್ನಿನವರು ತಮಗೊಂದು ಸಂವಿಧಾನವನ್ನು ಬರೆದುಕೊಂಡರು. ಅದರಂತೆ ಮುಂದಾಳಿನ ಅವಧಿ ಒಂದೇ ವರ್ಷ. ವರ್ಷ ವರ್ಷವೂ ಚುನಾವಣೆ. ಹೆಸರು ಕೊಡಲು ಒಂದು ವಾರ, ಪ್ರಶ್ನೋತ್ತರಕ್ಕೆ ಮೂರು ವಾರ, ಮತದಾನಕ್ಕೆ ಎರಡು ವಾರ. ಲೋಕದ ನಾನಾ ಮೂಲೆಗಳಲ್ಲಿರುವ ಸುಮಾರು 1000 ಮಂದಿಗೆ ಮತದ ಹಕ್ಕು. ಒಬ್ಬರಿಗೇ ಮತ ಕೊಟ್ಟು ಮುಗಿಸಬೇಕಾಗಿಲ್ಲ, ಇವರು ಮೊದಲು, ಇವರು ಎರಡನೆಯವರು ಎಂದು ಕ್ರಮ ಹಾಕಬಹುದು. ಪಟ್ಟಿಯ ಕೊನೆಯಲ್ಲಿ 'ಇವರಲ್ಲಿ ಯಾರೂ ಬೇಡ' ಎಂಬ ಆಯ್ಕೆಯೂ ಇರುತ್ತದೆ. ನಮ್ಮ 'ಇದ್ದವರೇ ಇರಲಿ' ಎಂಬುದಕ್ಕೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಊಹಿಸಬಹುದು.

ಇಷ್ಟು ಮಾಡಿ ಆರಿಸಿದ ಮುಂದಾಳಿಗೆ ಅಧಿಕಾರವೆಷ್ಟು? ಹೆಚ್ಚೇನೂ ಇಲ್ಲ. ಯಾರಿಗೂ 'ಈ ಕೆಲಸ ಮಾಡು' ಎಂದು ಆಜ್ಞಾಪಿಸುವ ಹಾಗಿಲ್ಲ. ಕೆಲಸಗಳನ್ನು ಇಂತಿಂಥವರಿಗೆ ವಹಿಸುವುದು, ಹಣದ ಖರ್ಚಿಗೆ ಒಪ್ಪಿಗೆ ಕೊಡುವುದು, ಜಗಳ ಬಂದಾಗ ನಡುವೆ ನಿಲ್ಲುವುದು, ಹೊರಗಿನವರೊಡನೆ ಮಾತನಾಡುವುದು, ಇಷ್ಟೆ. ಸಂಘದ ಕಾರ್ಯದರ್ಶಿಯಾಗಿದ್ದವರಿಗೆ ಈ ಕಷ್ಟ ಅರ್ಥವಾಗುತ್ತದೆ.

2019ರಲ್ಲಿ ಒಂದು ವಿಚಿತ್ರವಾಯಿತು. ಹೆಸರು ಕೊಡುವ ವಾರ ಮುಗಿದರೂ ಒಬ್ಬರೂ ಮುಂದೆ ಬರಲಿಲ್ಲ! ಸಂವಿಧಾನದಲ್ಲಿ ಇದಕ್ಕೂ ದಾರಿಯಿತ್ತು. ಇನ್ನೊಂದು ವಾರ ಕಾಯತಕ್ಕದ್ದು. ಎಲ್ಲರೂ ತಮ್ಮ ತಮ್ಮ ಎದೆ ಮುಟ್ಟಿ ನೋಡಿಕೊಂಡಿರಬೇಕು, ಆ ವಾರದಲ್ಲಿ ಹಲವರು ಹೆಸರು ಕೊಟ್ಟರು. ಸ್ಯಾಮ್ ಹಾರ್ಟ್‌ಮನ್ ಆಯ್ಕೆಯಾದರು. ಮುಂದಿನ ವರ್ಷ ಅವರು ನಿಲ್ಲಲಿಲ್ಲ. 2020ರಿಂದ ನಾಲ್ಕು ಅವಧಿ ದಕ್ಷಿಣ ಆಫ್ರಿಕದ ಜೊನಾಥನ್ ಕಾರ್ಟರ್, 2024ರಲ್ಲಿ ಜರ್ಮನಿಯ ಆಂಡ್ರಿಯಾಸ್ ಟಿಲ್ಲೆ ಮುಂದಾಳಾದರು. ನಮ್ಮ ನೆರೆಯ ಕೇರಳದ ಶ್ರುತಿ ಚಂದ್ರನ್ 2020ರಲ್ಲಿಯೂ 2024ರಲ್ಲಿಯೂ ಅಭ್ಯರ್ಥಿಯಾಗಿದ್ದರು. 2023ರಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಕೊಚ್ಚಿಯಲ್ಲಿಯೇ ನಡೆಯಿತು.

ಸಂಸ್ಥಾಪಕ ಮರ್ಡಾಕ್ 2015ರ ಡಿಸೆಂಬರಿನಲ್ಲಿ ತೀರಿಕೊಂಡರು. ಡೆಬಿಯನ್ ನಿಲ್ಲಲಿಲ್ಲ. ಹತ್ತೊಂಬತ್ತು ವರ್ಷ ಮೊದಲೇ ಬೀಗದಕೈ ಬೇರೆ ಕೈಗೆ ಹೋಗಿತ್ತು.

ಒಬ್ಬರೇ ಹೊತ್ತ ಹೊರೆ

ಎಲ್ಲರೂ ಇಷ್ಟು ಮುಂದಾಲೋಚನೆ ಮಾಡುವುದಿಲ್ಲ. 'ಪೈಥಾನ್' ಎಂಬ ಪ್ರಸಿದ್ಧ ಗಣಕಭಾಷೆಯನ್ನು ನೆದರ್ಲೆಂಡಿನ ಗೀಡೊ ವಾನ್ ರಾಸಮ್ 1991ರಲ್ಲಿ ಲೋಕಕ್ಕೆ ಕೊಟ್ಟರು. ಎರಡು ದಶಕಗಳಿಗೂ ಮೇಲ್ಪಟ್ಟು ಅವರ ಮಾತೇ ಕೊನೆಯ ಮಾತು. ಜನ ಪ್ರೀತಿಯಿಂದ ಅವರನ್ನು 'ಆಜೀವ ದಯಾಳು ಸರ್ವಾಧಿಕಾರಿ' ಎಂದು ಕರೆಯುತ್ತಿದ್ದರು. 2018ರ ಜುಲೈಯಲ್ಲಿ, ಒಂದು ಸಣ್ಣ ಬದಲಾವಣೆಯ ಬಗ್ಗೆ ನಡೆದ ದೊಡ್ಡ ವಾಗ್ವಾದದಿಂದ ಬೇಸತ್ತು, ಅವರು ಆ ಪಟ್ಟವನ್ನು ಬಿಟ್ಟರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಉಳಿದವರು ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, ಐದು ಮಂದಿಯ ಮಂಡಳಿಯೊಂದನ್ನು ಗೊತ್ತುಮಾಡಿದರು. 2019ರಲ್ಲಿ ಮೊದಲ ಮಂಡಳಿ ಆರಿಸಿ ಬಂದಿತು. ಒಂದೇ ಕಂಪೆನಿಯ ಇಬ್ಬರಿಗಿಂತ ಹೆಚ್ಚು ಮಂದಿ ಅದರಲ್ಲಿ ಇರಕೂಡದೆಂಬ ನಿಯಮವನ್ನೂ ಮಾಡಿಕೊಂಡರು. ಪೈಥಾನ್ ಬದುಕಿತು.

ಇನ್ನೊಂದು ಕಥೆ ಇಷ್ಟು ಸುಲಭವಾಗಿ ಮುಗಿಯುತ್ತಿರಲಿಲ್ಲ. ಕಡತಗಳನ್ನು ಹಿಂಡಿ ಚಿಕ್ಕದು ಮಾಡುವ 'ಎಕ್ಸ್‌ಜಡ್' ಎಂಬ ಸಣ್ಣ ತಂತ್ರಾಂಶವೊಂದಿದೆ. ಲೋಕದ ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ಅದು ಕೆಲಸ ಮಾಡುತ್ತದೆ. ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸೆ ಕಾಲಿನ್ ಒಬ್ಬರೇ, ಅದೂ ಸಂಬಳವಿಲ್ಲದೆ. ಆರೋಗ್ಯವೂ ಕೆಟ್ಟು ಅವರು ಬಳಲಿದ್ದರು. ಕೆಲಸ ತಡವಾಯಿತೆಂದು ಯಾರುಯಾರೋ ದೂರದಿಂದ ಗದರಿಸುತ್ತಿದ್ದರೆ ಹೊರತು ಭುಜ ಕೊಡುವವರಿರಲಿಲ್ಲ. ಆಗ 'ಜಿಯಾ ಟಾನ್' ಎಂಬ ಹೆಸರಿನ ಒಬ್ಬ ಸಹಾಯಕ್ಕೆ ಬಂದ. ಎರಡು ವರ್ಷಕ್ಕೂ ಹೆಚ್ಚು ಕಾಲ ನಿಷ್ಠೆಯಿಂದ ದುಡಿದು ನಂಬಿಕೆ ಗಳಿಸಿದ, ಬೀಗದಕೈ ಪಡೆದ, ಕೊನೆಗೆ ತಂತ್ರಾಂಶದೊಳಗೆ ಕಳ್ಳದಾರಿಯೊಂದನ್ನು ಕೊರೆದಿಟ್ಟ. 2024ರ ಮಾರ್ಚಿ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರಿಗೆ ತಮ್ಮ ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಸಂಶಯ ಬಂತು. ಅವರು ಬೆನ್ನು ಹತ್ತಿ ಕಳ್ಳದಾರಿಯನ್ನು ಕಂಡುಹಿಡಿದರು. ಆ ಹೊತ್ತಿಗೆ ಅದು ಡೆಬಿಯನ್ನಿನ ಪರೀಕ್ಷಾ ಆವೃತ್ತಿಯವರೆಗೆ ಬಂದಿತ್ತು, ಜನಬಳಕೆಯ ಆವೃತ್ತಿಗೆ ಇನ್ನೂ ಸೇರಿರಲಿಲ್ಲ. ಮೂಲ ಬರೆಹ ತೆರೆದಿದ್ದುದರಿಂದಲೇ ಹುಡುಕುವುದು ಸಾಧ್ಯವಾಯಿತೆಂಬುದೂ ನಿಜ. ಜಿಯಾ ಟಾನ್ ಯಾರೆಂಬುದು ಮಾತ್ರ ಗುಟ್ಟಾಗಿಯೇ ಉಳಿಯಿತು.

ಈ ಕಥೆ ಕೇಳಿ ನಮಗೆ ಸಿಟ್ಟು ಬಂದದ್ದು ಕಳ್ಳನ ಮೇಲೆ ಮಾತ್ರವಲ್ಲ. ಒಬ್ಬ ಬಡಪಾಯಿಯ ತಲೆಯ ಮೇಲೆ ಊರ ಹೊರೆಯನ್ನೆಲ್ಲ ಹೊರಿಸಿ ಆರಾಮವಾಗಿ ಉಂಡವರ ಮೇಲೆಯೂ ಬಂತು.

ಅಟ್ಟಕ್ಕೇರಿದ ಕೆಲಸಗಳು

ಹಾಗಾದರೆ ಒಂದು ಕೆಲಸ ಆರೋಗ್ಯವಾಗಿದೆಯೆಂದು ತಿಳಿಯುವುದು ಹೇಗೆ? 1999ರಲ್ಲಿ ಸ್ಥಾಪನೆಯಾದ ಅಪಾಚೆ ಪ್ರತಿಷ್ಠಾನದವರು ಇದಕ್ಕೊಂದು ಪದ್ಧತಿ ಮಾಡಿದ್ದಾರೆ. ಅವರ ಆಶ್ರಯದಲ್ಲಿರುವ ಪ್ರತಿಯೊಂದು ಯೋಜನೆಯೂ ಮೂರು ತಿಂಗಳಿಗೊಮ್ಮೆ ಮಂಡಳಿಗೆ ವರದಿ ಒಪ್ಪಿಸಬೇಕು. ನಮ್ಮ ತ್ರೈಮಾಸಿಕದ ಹಾಗೆ! ಹೊಸ ಆವೃತ್ತಿ ಯಾವಾಗ ಬಂತು, ಹೊಸಬರು ಯಾರು ಸೇರಿದರು, ಕೊನೆಯ ಹೊಸಬ ಸೇರಿ ಎಷ್ಟು ಕಾಲವಾಯಿತು, ಇಂಥವೇ ಪ್ರಶ್ನೆಗಳು. ಒಂದು ಆವೃತ್ತಿ ಹೊರಬರಬೇಕಾದರೆ ಕನಿಷ್ಠ ಮೂವರು ಅಧಿಕೃತ ಸದಸ್ಯರು ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಅಂದರೆ ದುಡಿಯುವ ಕೈ ಮೂರಕ್ಕಿಂತ ಕಡಮೆಯಾದರೆ ಆ ಕೆಲಸ ಮಂಚ ಹಿಡಿದಂತೆ.

ಮೂವರೂ ಸಿಕ್ಕದಿದ್ದರೆ? ಸುಳ್ಳು ವರದಿ ಬರೆಯುವುದಿಲ್ಲ. ಅದನ್ನು ಮರ್ಯಾದೆಯಿಂದ 'ಅಟ್ಟ'ಕ್ಕೆ ಏರಿಸುತ್ತಾರೆ. ಅವರು ಇಟ್ಟ ಹೆಸರಿನ ಅರ್ಥವೂ ಅಟ್ಟವೆಂದೇ. 2008ರಿಂದ ಈ ವ್ಯವಸ್ಥೆ ಇದೆ. ಅಜ್ಜಿಯ ಕಡಾಯಿಯನ್ನು ಅಟ್ಟದಲ್ಲಿ ಇಟ್ಟಂತೆ ಮೂಲ ಬರೆಹ ಅಲ್ಲಿ ಸುರಕ್ಷಿತವಾಗಿರುತ್ತದೆ. ಬೇಕಾದವರು ಎಂದಾದರೂ ಇಳಿಸಿಕೊಳ್ಳಬಹುದು.

ಕನ್ನಡದ ಮಾತು

ಇದೆಲ್ಲ ದೂರದವರ ಸಂಗತಿಯೆಂದು ವಾಚಕರು ತಳ್ಳಿಹಾಕಬಾರದು. ಪರದೆಯ ಮೇಲೆ ಕನ್ನಡ ಬಂದದ್ದು ಕೆಲವೇ ಮಂದಿಯ ದುಡಿಮೆಯಿಂದ. ಕೆ.ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆಯ ವಿನ್ಯಾಸವೊಂದನ್ನು ರೂಪಿಸಿ, ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಬಿಟ್ಟುಕೊಟ್ಟರು. ಗಣಕ ಪರಿಷತ್ತಿನ 'ನುಡಿ' ಅದನ್ನೇ ಬಳಸಿತು. ಬೆರಳಚ್ಚು ಮಾಡುವಾಗ ನಮ್ಮ ಬೆರಳುಗಳು ಇಂದಿಗೂ ಆ ವಿನ್ಯಾಸದ ಮೇಲೆಯೇ ಓಡಾಡುತ್ತವೆ. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ'ವನ್ನು ಕೊಟ್ಟರು. ಊರು ಬಿಟ್ಟು ದೂರ ಹೋದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಕಾಗದ ಬರೆಯುವಂತಾಯಿತು. ಅವರು 2022ರಲ್ಲಿ ಕಾಲವಾದಾಗ ಅನೇಕರು ಮನೆಯವರೊಬ್ಬರನ್ನು ಕಳೆದುಕೊಂಡಂತೆ ದುಃಖಿಸಿದರು.

ಮುಕ್ತ ತಂತ್ರಾಂಶಗಳ ಕನ್ನಡ ಅನುವಾದವೂ ಹೀಗೆಯೇ ಸ್ವಯಂಸೇವಕರ ಕೆಲಸ. 'ಗ್ನೋಮ್' ಎಂಬ ಪರದೆಯ ವ್ಯವಸ್ಥೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತದೆ. ಪ್ರತಿ ಸಲವೂ ಹೊಸ ವಾಕ್ಯಗಳು ಸೇರುತ್ತವೆ. ಯಾರೂ ಅನುವಾದಿಸದಿದ್ದರೆ ಅವು ಇಂಗ್ಲಿಷಿನಲ್ಲಿಯೇ ನಿಲ್ಲುತ್ತವೆ. ಒಮ್ಮೆ ಪೂರ್ತಿಯಾಗಿದ್ದ ಕನ್ನಡ ಯಾರ ಗಮನಕ್ಕೂ ಬಾರದೆ ಮುಕ್ಕಾಲಾಗುತ್ತದೆ, ಅರ್ಧವಾಗುತ್ತದೆ. ಯಾರೂ ಕನ್ನಡವನ್ನು ಹೊರಗೆ ಹಾಕಿದ್ದಲ್ಲ. ನೀರು ಹಾಕುವವರಿಲ್ಲದೆ ಗಿಡ ಒಣಗಿತು, ಅಷ್ಟೆ. ಕಾಶಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಸವೆಯುವುದೂ ಹೀಗೆಯೇ. ಒಂದು ದಿನ ಒಂದು ಮಾತು, ಇನ್ನೊಂದು ದಿನ ಇನ್ನೊಂದು.

ಚಾರ್ಜು ಪಟ್ಟಿ

ನಮ್ಮ ಕಛೇರಿಯಲ್ಲಿ ಯಾರಿಗಾದರೂ ವರ್ಗವಾದರೆ ಚಾರ್ಜು ಪಟ್ಟಿ ಬರೆಯಬೇಕು. ಕಡತ ಎಷ್ಟು, ಬೀಗದಕೈ ಎಷ್ಟು, ಮೊಹರು ಯಾವುದು, ಬಾಕಿ ಕೆಲಸ ಯಾವುದು ಎಂದು ಬರೆದು, ಕೊಟ್ಟವರೂ ಕೊಂಡವರೂ ರುಜು ಹಾಕಬೇಕು. ಆ ಪಟ್ಟಿಯನ್ನು ಸಿದ್ಧಪಡಿಸುವುದು ನಮ್ಮ ಮೇಜಿನ ಕೆಲಸವೇ. ಊರಿನವರ ಚಾರ್ಜು ಪಟ್ಟಿಯನ್ನೆಲ್ಲ ಬರೆದ ನಾವು ಆರು ವರ್ಷದಲ್ಲಿ ನಮ್ಮ ಸಂಘದ್ದನ್ನು ಒಮ್ಮೆಯೂ ಬರೆದಿರಲಿಲ್ಲ!

ಈ ಬಾರಿಯ ವಾರ್ಷಿಕ ಸಭೆಯಲ್ಲಿ ಹಿಂದಿನ ಸಾಲಿನವರು ಬಾಯಿ ತೆರೆಯುವ ಮೊದಲೇ ನಾವು ಎದ್ದು ನಿಂತೆವು. ವರದಿಗೆ ಮೂರು ಪ್ರಶ್ನೆಗಳನ್ನು ಸೇರಿಸಿ ಓದಿದೆವು. ಕಳೆದ ವರ್ಷ ಸಂಘದ ಕೆಲಸಕ್ಕೆ ಹೊಸದಾಗಿ ಕೈ ಹಾಕಿದವರು ಎಷ್ಟು ಮಂದಿ? ಪ್ರತಿಯೊಂದು ಕೆಲಸವನ್ನೂ ಬಲ್ಲವರು ಎಷ್ಟು ಮಂದಿ? ಇಂದು ಕಾರ್ಯದರ್ಶಿಗೆ ವರ್ಗವಾದರೆ ನಾಳೆ ಯಾವುದು ನಿಲ್ಲುತ್ತದೆ? ಮೊದಲನೆಯದಕ್ಕೆ ಉತ್ತರ ಸೊನ್ನೆ, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ 'ಎಲ್ಲವೂ'. ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಒಗ್ಗರಣೆಯ ವಾಸನೆ ಬಂದರೂ ಯಾರೂ ಏಳಲಿಲ್ಲ.

ಕೊನೆಗೆ ಪಾಂಡೆ ಹವೇಲಿಯ ಕಡೆಯಿಂದ ಬರುವ ತಾಯಿಯೊಬ್ಬರು, "ಲೆಕ್ಕ ನನಗೆ ಬರುತ್ತದೆ, ಯಾರೂ ಕೇಳಲಿಲ್ಲ" ಎಂದರು. ಈಗ ಕಾರ್ಯದರ್ಶಿ ಅವರು. ಸದಸ್ಯರ ಪಟ್ಟಿಯನ್ನೂ ಪತ್ರಿಕೆಯ ಹಳೆಯ ಕಡತಗಳನ್ನೂ ಕಾಲೇಜಿನ ಇಬ್ಬರು ಹುಡುಗಿಯರು ನೋಡಿಕೊಳ್ಳುತ್ತಾರೆ. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ ಮೂರು ಕಡೆ ಇರಿಸಿದ್ದಾರೆ. ನಾವು ಒಂದು ವರ್ಷ ಸಹಾಯಕರಾಗಿದ್ದು ಕೇಳಿದ್ದಕ್ಕೆ ಉತ್ತರ ಹೇಳತಕ್ಕದ್ದೆಂದು ಗೊತ್ತಾಗಿದೆ. ಮೊದಲ ಕೆಲವು ದಿನ ಜೇಬು ಹಗುರವಾಗಿ ಏನನ್ನೋ ಮರೆತಂತೆ ಆಗುತ್ತಿತ್ತು. ಈಗ ರೂಢಿಯಾಗಿದೆ.

ಪುಸ್ತಕ ಭಂಡಾರಕ್ಕೆ ಮೂರು ಬೀಗದಕೈಗಳನ್ನು ಮಾಡಿಸಿ ಮೂವರಿಗೆ ಕೊಟ್ಟೆವು. ಅವುಗಳಲ್ಲೊಂದು ತಿಂಗಳು ತುಂಬುವ ಮೊದಲೇ ಕಳೆದುಹೋಯಿತು. ಆದರೂ ಭಾನುವಾರ ಭಂಡಾರ ಎಂದಿನಂತೆ ತೆರೆಯಿತು, ಮಕ್ಕಳು ಪುಸ್ತಕ ಒಯ್ದರು, ಯಾರಿಗೂ ಗೊತ್ತೇ ಆಗಲಿಲ್ಲ. ಕಳೆದವರು ಯಾರೆಂದು ವಾಚಕರು ಕೇಳುವುದಾದರೆ ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ನಾವೇ.